ಕೆಂಪು ಅಕ್ಷರದ ಮುಂದೆ ನಿಂತ ನನ್ನ ಅಸಲಿ ರೈಲು

ಅಳಿಯನಾದವನು ಮಾವನಿಗೆ ಏನು ಕೊಡಬೇಕು? ನಾನು ರೈಲನ್ನೇ ಕೊಡಲು ನಿರ್ಧರಿಸಿದೆ!

ಮಾವನವರು ರಾಯಚೂರಿನವರು, ನಿವೃತ್ತ ರೈಲು ಚಾಲಕರು. ಮೊಣಕಾಲಿನ ಚಿಕಿತ್ಸೆಗೆಂದು ಮೆಹದಿಪಟ್ಟಣಂನ ನಮ್ಮ ಮನೆಗೆ ಬಂದಿದ್ದರು. ಕೂತು ಕೂತು ಬೇಸತ್ತು, ಸೋಫಾದಲ್ಲಿ ತೂಕಡಿಸುವಾಗಲೂ ಕೈ ಚಾಚಿ ಬ್ರೇಕ್ ಹಾಕುತ್ತಿದ್ದರು. ಊರಿಗೆ ಹೋಗುವಷ್ಟರಲ್ಲಿ ಅವರ ಕೈಯಲ್ಲಿ ಒಮ್ಮೆಯಾದರೂ ಗಾಡಿ ಓಡಿಸಲೇಬೇಕೆಂದು ಪಣ ತೊಟ್ಟು, ರೈಲು ಓಡಿಸುವ ಕಂಪ್ಯೂಟರ್ ಆಟವೊಂದನ್ನು ಕೊಂಡುಬಿಟ್ಟೆ. ಎದುರು ಫ್ಲಾಟಿನ ರಾವ್ ಗಾರು, ಅದರ ನಕಲು ತಮ್ಮಲ್ಲಿದೆ, ಪುಕ್ಕಟೆ ಕೊಡುತ್ತೇನೆ ಅಂದಿದ್ದರು. ಕಳ್ಳಮಾಲು ನಮ್ಮ ಹೊಸ್ತಿಲು ದಾಟುವುದಿಲ್ಲ ಎಂದು ಅವರಿಗೆ ಸಣ್ಣದೊಂದು ಭಾಷಣ ಮಾಡಿದೆ. ಪಾಪ, ಚಹಾ ಮುಗಿಸಿ ಎದ್ದುಹೋದರು.

ಆಟ ತೆರೆದುಕೊಂಡಿತು. ಮಾವನವರು ಪರದೆಗೆ ಕೈಮುಗಿದು ಗಾಡಿ ಹೊರಡಿಸಿದರು. ಪ್ಲಾಟ್‌ಫಾರ್ಮ್ ದಾಟುವ ಮೊದಲೇ ಅದು ನಿಂತಿತು. ನಾವು ಅಸಲಿ ಗಿರಾಕಿಗಳೋ ಅಲ್ಲವೋ ಎಂದು ನೋಡಿಕೊಳ್ಳಲು ಆಟಕ್ಕೆ ಸದಾ ಇಂಟರ್‌ನೆಟ್ ಬೇಕಂತೆ. ನಮ್ಮ ಮನೆಯಲ್ಲಿ ಇಂಟರ್‌ನೆಟ್ ಎಂದರೆ ನನ್ನ ಹೆಂಡತಿ ಸುಮಿತ್ರಾಳ ಫೋನು. ಆ ಫೋನು ಅವಳ ಜೊತೆ ತರಕಾರಿ ತರಲು ಹೊರಟಿತ್ತು!

ಮೆಟ್ಟಿಲಿಂದಲೇ ಅವಳನ್ನು ವಾಪಸ್ ಕರೆದೆ.

"ನಿಮ್ಮ ಗಾಡಿ ಓಡಬೇಕಂದ್ರ ನಾ ಮನಿ ಬಿಟ್ಟು ಹೋಗಬಾರದೇನ್ರಿ? ಸಾರಿಗೆ ಬದನಿಕಾಯಿ ಬದ್ಲಿ ಕಲ್ಲಿದ್ಲ ಹಾಕ್ಲೇನು?" ಅಂದಳು.

ಮರುದಿನ ಆಟ ಹೊಸ ತಕರಾರು ತೆಗೆಯಿತು. ನಮ್ಮ ಕಂಪ್ಯೂಟರಿನಲ್ಲಿ ನಕಲು ಮಾಡುವ ತಂತ್ರಾಂಶ ಸಿಕ್ಕಿದೆ, ಕೂಡಲೇ ತೆಗೆಯಬೇಕು ಎಂದಿತು. ಹೌದು, ನಮ್ಮ ಮದುವೆಯ ಸಿಡಿಯನ್ನು ಬಳಗಕ್ಕೆಲ್ಲ ಹಂಚಲು ಅಂಥದ್ದೊಂದನ್ನು ಯಾವ ಕಾಲದಲ್ಲೋ ಹಾಕಿಸಿದ್ದೆವು. ಅದರ ಹೆಸರು ನೆನಪಿರಲಿಲ್ಲ. ಹಾಗಾಗಿ ನನಗೆ ಹೆಸರು ಗೊತ್ತಿಲ್ಲದ್ದನ್ನೆಲ್ಲ ತೆಗೆದುಹಾಕಿದೆ. ಕಂಪ್ಯೂಟರು ಮತ್ತೆ ಕಣ್ಣು ಬಿಡಲಿಲ್ಲ.

ಅಂಗಡಿಗೆ ಹೊತ್ತೊಯ್ದೆ. ಅವರು ಒಳಗಿನ ಡಿಸ್ಕನ್ನೇ ಬದಲಿಸಿ ಕೊಟ್ಟರು. ಮನೆಗೆ ತಂದು ಆಟ ಮತ್ತೆ ಹಾಕಿದರೆ ಪರದೆಯ ತುಂಬ ಕೆಂಪು ಅಕ್ಷರ. ಇದು ಬೇರೆ ಕಂಪ್ಯೂಟರು, ಯಾರೋ ನಕಲು ಮಾಡಿರುವ ಶಂಕೆ ಇದೆ, ಪರಿಶೀಲನೆ ಮುಗಿಯುವವರೆಗೆ ಕಾಯಿರಿ. ರಸೀದಿ ಕಳಿಸಿದೆ. ನನ್ನ ಫೋಟೋ ಕಳಿಸಿದೆ. ಆಟದ ಡಬ್ಬಿಯನ್ನು ಎದೆಗವಚಿಕೊಂಡು ಇನ್ನೊಂದು ಫೋಟೋ ಕಳಿಸಿದೆ. ಕೆಂಪು ಅಕ್ಷರ ಕದಲಲಿಲ್ಲ. ನನಗೋ ತಲೆಬುಡ ತಿಳಿಯಲಿಲ್ಲ. ದುಡ್ಡು ಕೊಟ್ಟವನನ್ನು ನೀನು ಕಳ್ಳನೇ ಎಂದು ಕೇಳುತ್ತಾರೆ, ಕೊಡದ ರಾವ್ ಗಾರು ಅವರನ್ನು ಯಾರೂ ಏನೂ ಕೇಳುವುದಿಲ್ಲ. ಹಾಗಾದರೆ ನಮ್ಮಿಬ್ಬರಲ್ಲಿ ಕಳ್ಳ ಯಾರು?

ಮಾವನವರು ಮಾತ್ರ ಶಾಂತವಾಗಿದ್ದರು.

"ಕೆಂಪ ಐತ್ರಿ ಅಳಿಯಂದಿರ. ಹುಕುಂ ಬರೂತನಕ ಗಾಡಿ ಬಿಡಬಾರದು. ಕುಂದರೂನ್ರಿ."

ನಾನು ಆಫೀಸಿನಿಂದ ಬಂದಾಗಲೆಲ್ಲ ಅವರು ಆ ಕೆಂಪು ಅಕ್ಷರಗಳ ಮುಂದೆ ಕೈಕಟ್ಟಿ ಕೂತಿರುತ್ತಿದ್ದರು. ಎಂಥ ಶಿಸ್ತು, ಎಂಥ ತಾಳ್ಮೆ! ನನಗೆ ಕಣ್ಣು ತುಂಬಿ ಬರುತ್ತಿತ್ತು.

ಕೊನೆಗೆ ಮೊಣಕಾಲು ವಾಸಿಯಾಯಿತು, ಆಟ ವಾಸಿಯಾಗಲಿಲ್ಲ. ಊರಿನ ಗಾಡಿ ಹತ್ತಿಸಲು ಕಾಚಿಗೂಡ ನಿಲ್ದಾಣಕ್ಕೆ ಹೋದೆವು. ರಾವ್ ಗಾರು ಕೂಡ ಬಂದು ಮಾವನವರ ಬ್ಯಾಗು ಹಿಡಿದಿದ್ದರು. ಇವರಿಗೇಕೆ ಇಷ್ಟು ಬಳಕೆ ಎಂದು ನನಗೆ ಅರ್ಥವಾಗಲಿಲ್ಲ. ಗಾಡಿ ಹೊರಡುವ ಮುನ್ನ ಮಾವನವರು ಕಿಟಕಿಯಿಂದ ನನ್ನ ಕೈ ಹಿಡಿದುಕೊಂಡರು.

"ಸಿಟ್ಟಾಗಬ್ಯಾಡ್ರಿ. ರಾವ್ ಅವರ ಮನ್ಯಾಗಿನ ಗಾಡಿ ಭಾಳ ಚಲೋ ಓಡ್ತಿತ್ರಿ. ನೀವು ಆಫೀಸಿಗೆ ಹೋದಕೂಡ್ಲೆ ಅಲ್ಲಿಗೆ ಹೋಗ್ತಿದ್ದೆ. ನೀವು ಬರೂ ಹೊತ್ತಿಗೆ ಬಂದು ನಿಮ್ಮ ಕೆಂಪಿನ ಮುಂದ ಕೂಡ್ತಿದ್ದೆ. ಅಳಿಯಂದಿರು ಅಷ್ಟು ಪ್ರೀತಿಲೆ ತಂದದ್ದು, ಮನಸಿಗೆ ಹತ್ತಬಾರದಲ್ರಿ."

ನಾನು ಸುಮಿತ್ರಾಳತ್ತ ನೋಡಿದೆ. ಅವಳು ಚಹಾ ಅಂಗಡಿಯತ್ತ ನೋಡಿದಳು. ಗಾಡಿ ಹೊರಟಿತು. ಅದರ ಕೊನೆಯ ಡಬ್ಬಿ ದಾಟುತ್ತಿದ್ದಂತೆ ನನ್ನ ಫೋನಿಗೆ ಸಂದೇಶ ಬಂತು: ನೀವು ಪ್ರಾಮಾಣಿಕ ಗಿರಾಕಿ ಎಂದು ಖಾತ್ರಿಯಾಗಿದೆ, ಆಟವಾಡಿ ಆನಂದಿಸಿ.

ಮನೆಗೆ ಬಂದು ಆಟ ತೆರೆದೆ. ಹಸಿರು ದೀಪ ಬಂತು. ಆದರೆ ಗಾಡಿ ಹೊರಡಿಸುವುದು ಹೇಗೆಂದು ನನಗೆ ಗೊತ್ತಿರಲಿಲ್ಲ. ಕಲಿತುಕೊಂಡು ಬರಲು ಎದುರು ಫ್ಲಾಟಿನ ಬಾಗಿಲು ತಟ್ಟಿದೆ.