ಸೋರುವ ನಲ್ಲಿಯೂ ನನ್ನ ಕಂಕಣಭಾಗ್ಯವೂ

ಕೊಳ್ಳೇಗಾಲದಲ್ಲಿ ಸ್ಪ್ಯಾನರ್ ಹಿಡಿದು ಬದುಕಿದವನು ನಾನು. ನಲ್ಲಿ ಯಾಕೆ ಸೋರುತ್ತದೆ ಅಂತ ಕೇಳಿ, ಒಂದೇ ಉಸಿರಿಗೆ ಹೇಳ್ತೀನಿ: ಬಾಯಲ್ಲಿ ತೊಟ್ಟಿಕ್ಕಿದರೆ ಒಳಗಿನ ವಾಷರ್ ಸವೆದಿದೆ, ಕತ್ತಿನ ಹತ್ತಿರ ಜಿನುಗಿದರೆ ಅಲ್ಲಿ ಸುತ್ತಿದ ದಾರ ಸಡಿಲವಾಗಿದೆ. ಅಷ್ಟೇ. ಆದರೆ ನಮ್ಮ ಜನ ಆ ನಲ್ಲಿಗೆ ಏನೇನು ಮಾಡಿಟ್ಟಿರುತ್ತಾರೆ ಅನ್ನೋದನ್ನ ಮಾತ್ರ ಕೇಳಬೇಡಿ. ಒಂದೊಂದು ಮನೆಯಲ್ಲೂ ಒಂದೊಂದು ಅವಾಂತರ ಕಾದಿರುತ್ತಿತ್ತು.

ಅದು ತೊಂಬತ್ತರ ಆಸುಪಾಸು. ನಮ್ಮ ಕಡೆ ಹಳ್ಳಿ ಮನೆಗಳಿಗೆ ನಲ್ಲಿ ಆಗಷ್ಟೇ ಬರ್ತಾ ಇದ್ದ ಕಾಲ. ನನಗೋ ಮದುವೆ ವಯಸ್ಸು ಮೀರುತ್ತಿತ್ತು. ಗಂಡು ನೋಡೋಕೆ ಬಂದವರು "ಹುಡುಗ ಏನ್ಮಾಡ್ತಾನೆ?" ಅಂತ ಕೇಳೋರು. "ನಲ್ಲಿ ರಿಪೇರಿ" ಅಂದ ತಕ್ಷಣ ಲೋಟದ ಕಾಫಿ ಅಷ್ಟಕ್ಕೇ ಬಿಟ್ಟು ಚಪ್ಪಲಿ ಮೆಟ್ಟೋರು. ನಮ್ಮವ್ವ ಸೆರಗಲ್ಲಿ ಕಣ್ಣೊರಸಿಕೊಂಡು ಅನ್ನೋಳು, "ಊರೋರ ಮನೆ ನೀರೆಲ್ಲ ನಿಲ್ಲುಸ್ತೀಯ ಕಣ್ಲಾ, ನನ್ ಕಣ್ಣೀರ್ ನಿಲ್ಸಾಕಾಗಲ್ವಲ್ಲ ನಿಂಗೆ!"

ಒಲೆ ಊದುವ ಕೊಳವೆ

ಕಾಮಗೆರೆಯಲ್ಲಿ ಒಂದು ಮನೆ. ಹೊಸ ವಾಷರ್ ಹಾಕಿ ಬರೋದು, ವಾರ ಕಳೆಯೋದರೊಳಗೆ ಮತ್ತೆ ಕರೆ ಬರೋದು. ಬಿಚ್ಚಿ ನೋಡಿದರೆ ವಾಷರ್ ಹಪ್ಪಳದ ಹಾಗೆ ಚಪ್ಪಟೆ. ಯಾವ ಪೈಲ್ವಾನ ಇದ್ದಾನಪ್ಪ ಈ ಮನೇಲಿ ಅಂತ ಜಗಲಿ ಮೇಲೆ ಕೂತು ಕಾದೆ.

ಬಂದದ್ದು ಆ ಮನೆಯ ಅಜ್ಜಿ. ಬಿಂದಿಗೆ ತುಂಬಿಸಿಕೊಂಡರು, ನಲ್ಲಿ ತಿರುಗಿಸಿದರು. ಆಮೇಲೆ ಒಲೆ ಊದುವ ಕಬ್ಬಿಣದ ಕೊಳವೆ ತಂದು ನಲ್ಲಿಯ ಹಿಡಿಗೆ ತೂರಿಸಿ, ಗೋಡೆಗೆ ಒಂದು ಕಾಲು ಕೊಟ್ಟು, ಮೈಭಾರವೆಲ್ಲ ಬಿಟ್ಟು ಜಗ್ಗಿದರು ನೋಡಿ! ಗೋಡೆಯ ಗಾರೆ ಉದುರಿತು.

"ಅಜ್ಜೀ, ಏನ್ ಮಾಡ್ತಾ ಇದ್ದೀರಿ?"

"ಬಿಗಿಯಾಗಿ ಕಟ್ದಿದ್ರೆ ಎಮ್ಮೆನೇ ಕಿತ್ಕಂಡ್ ಓಯ್ತದೆ, ಇನ್ನು ನೀರು ನಿಂತದಾ?"

"ಎರಡು ಬೆರಳಲ್ಲಿ ತಿರುಗಿಸಿದ್ರೆ ಸಾಕಜ್ಜಿ. ಬಿಗಿ ಜಾಸ್ತಿಯಾದ್ರೆ ವಾಷರ್ ನಜ್ಜಿ ಇನ್ನೂ ಸೋರ್ತದೆ" ಅಂತ ತಿರುಗಿಸಿ ತೋರಿಸಿದೆ.

ಅಜ್ಜಿ ನನ್ನ ಬೆರಳುಗಳನ್ನೂ ನೋಡಿದರು, ನನ್ನ ಮುಖವನ್ನೂ ನೋಡಿದರು. "ಇದ್ಕೇ ಕಣಪ್ಪ, ಇನ್ನೂ ಒಂದು ಹೆಣ್ಣೂ ನಿನ್ ಕೈಗ್ ನಿಂತಿಲ್ಲ" ಅಂದರು.

ಟವಲ್ಲಿನ ಗಂಟು

ಒಂದು ದಿನ ಕೌದಳ್ಳಿಯ ರೈತರೊಬ್ಬರು ಬಸ್ಸಿಳಿದವರೇ ನನ್ನ ಅಂಗಡಿಗೆ ಓಡಿ ಬಂದರು. ಕೈಯಲ್ಲಿ ಟವಲ್ಲಿನ ಗಂಟು. ಬಿಚ್ಚಿದರೆ ಒಳಗೆ ನಲ್ಲಿ!

"ಸೋರ್ತದೆ ಸಾ, ಬಿಚ್ಕಂಡ್ ಬಂದೆ. ಬಿರ್ನೆ ಮಾಡ್ಕೊಡಿ."

ಒಳಗೆ ವಾಷರ್ ಇರಬೇಕಾದ ಜಾಗದಲ್ಲಿ ಹವಾಯಿ ಚಪ್ಪಲಿಯ ತುಂಡು ಕತ್ತರಿಸಿ ಕೂರಿಸಿದ್ದರು. ಅದನ್ನು ಕಿತ್ತು ಹೊಸದು ಹಾಕ್ತಾ, ಸುಮ್ಮನೆ ಮಾತಿಗೆ ಕೇಳಿದೆ, "ಮನೆ ಹತ್ರ ವಾಲ್ವು ಬಂದ್ ಮಾಡಿ ಬಂದಿದ್ದೀರಿ ತಾನೆ?"

"ಅದೆಂತದು ಸಾ?"

"ಮತ್ತೆ ಪೈಪಿಂದ ನೀರು ಬರಲ್ವ?"

"ಯೆಂಡ್ತಿ ಅಂಗೈ ಕೊಟ್ಟು ಇಡ್ಕಂಡವ್ಳೆ ಸಾ. ಅದ್ಕೇ ಬಿರ್ನೆ ಅಂದಿದ್ದು."

ಅಯ್ಯೋ ಶಿವನೇ! ಕೊಳ್ಳೇಗಾಲದಿಂದ ಕೌದಳ್ಳಿ ಏನು ಪಕ್ಕದ ಬೀದೀನಾ? ಅಂಗಡಿ ಬಾಗಿಲೆಳೆದು ನಾನೂ ಅವರ ಜೊತೆ ಬಸ್ಸು ಹತ್ತಿದೆ. ಹನೂರಿನಲ್ಲಿ ಬಸ್ಸು ನಿಂತರೆ ಆ ಮಹಾರಾಯರು ನಿಧಾನವಾಗಿ ಇಳಿದು ಬೋಂಡ ತಿಂದು ಬಂದರು. ನಾನು ಕಣ್ಣು ಕೆಂಪಗೆ ಮಾಡಿದರೆ, "ಕ್ವಾಪ ಮಾಡ್ಕಬ್ಯಾಡಿ ಸಾ, ಅವ್ಳಿಗೂ ಕಟ್ಟಿಸ್ಕಂಡಿವ್ನಿ" ಅಂದರು.

ಹೋಗಿ ನೋಡಿದರೆ ಆ ಅಕ್ಕ ಹಿತ್ತಿಲ ಗೋಡೆಗೆ ಅಂಟಿಕೊಂಡು ನಿಂತಿದ್ದಾರೆ, ನೆತ್ತಿಯಿಂದ ಪಾದದ ತನಕ ಒದ್ದೆ. ಒಂದು ಕೈ ಪೈಪಿನ ಮೇಲೆ, ಇನ್ನೊಂದು ಕೈಯಲ್ಲಿ ಮಗುವಿನ ತೊಟ್ಟಿಲ ಹಗ್ಗ. ಅಕ್ಕಪಕ್ಕದ ಹೆಂಗಸರು ಬೇಜಾರಾಗದಿರಲಿ ಅಂತ ಸುತ್ತ ಕೂತು ಮಾತಾಡಿಸ್ತಾ ಇದ್ದಾರೆ. ನೀರು ನಿಲ್ಲಿಸುವ ವಾಲ್ವು ಆಕೆಯ ಕಾಲ ಬುಡದಲ್ಲೇ ಇತ್ತು. ಬಗ್ಗಿ ತಿರುಗಿಸಿದೆ, ನೀರು ನಿಂತಿತು.

ಅಕ್ಕ ವಾಲ್ವನ್ನು ನೋಡಿದರು, ಗಂಡನನ್ನು ದುರುಗುಟ್ಟಿಕೊಂಡು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಗೆ ಮದ್ವೆ ಆಗ್ಯದಾ ಸಾ?" ಅಂತ ಕೇಳಿದರು.

"ಇಲ್ಲ ಅಕ್ಕ."

"ಯಳಂದೂರಲ್ಲಿ ನಮ್ ಚಿಕ್ಕಪ್ಪನ ಮಗ್ಳವ್ಳೆ. ಅವ್ಳಿಗಾದ್ರೂ ನೀರ್ ನಿಲ್ಸಾಕ್ ಬರೋ ಗಂಡ ಸಿಕ್ಲಿ!"

ಅರಿಶಿನದ ದಾರ

ಅವ್ವನನ್ನು ಕರೆದುಕೊಂಡು ಯಳಂದೂರಿಗೆ ಹೆಣ್ಣು ನೋಡೋಕೆ ಹೋದೆ. ಹುಡುಗಿಯ ಅಪ್ಪ ಅಕ್ಕಿ ವ್ಯಾಪಾರದವರು, ಗದ್ದೆಯೂ ಇತ್ತು. ಹುಡುಗಿ ನನ್ನನ್ನು ನೋಡಿ ನಕ್ಕಳು. ನಾನಂತೂ ಅಲ್ಲೇ ಕರಗಿಹೋದೆ. ಈ ಹೆಣ್ಣು ತಪ್ಪಿದರೆ ನನಗೆ ಮದುವೆಯೇ ಬೇಡ ಅನ್ನಿಸಿಬಿಟ್ಟಿತು.

ಹುಡುಗಿಯ ತಾಯಿ ಖಡಕ್ಕು ಹೆಂಗಸು. "ಕೆಲ್ಸ ನೋಡ್ದೆ ಹೆಣ್ಣು ಕೊಡಾಕಾಯ್ತದಾ? ಹಿತ್ತಿಲ ನಲ್ಲಿ ಜಿನುಗ್ತಾನೇ ಅದೆ. ನಿಲ್ಸಿದ್ರೆ ಇವತ್ತೇ ತಾಂಬೂಲ" ಅಂದರು.

ಅಪ್ಪ ಗಾಬರಿಯಿಂದ ಎದ್ದು ನಿಂತರು. "ಛೇ ಛೇ, ಮನೆಗ್ ಬಂದ ಗಂಡಿನ ಕೈಲಿ ಕೆಲ್ಸ ಮಾಡುಸ್ತಾರಾ? ಬ್ಯಾಡ ಬ್ಯಾಡ!" ಎಂಥ ಮರ್ಯಾದಸ್ಥರು ಅಂದುಕೊಂಡು ನಾನು ಸ್ಪ್ಯಾನರ್ ಹಿಡಿದು ಹೊರಟೇಬಿಟ್ಟೆ.

ನಲ್ಲಿಯ ಕತ್ತಿನ ನಟ್ಟು ಬಿಚ್ಚಿದೆ. ಅಲ್ಲಿ ಸೆಣಬಿನ ದಾರ ಇರಬೇಕು. ಮೀಟಿ ಎಳೆದರೆ ಸರ್ರನೆ ಬಂತು ನೋಡಿ, ಅರಿಶಿನದ ದಾರ! ತಾಳಿ ಪೋಣಿಸಿದ್ದ ಗಂಟಿನ ಗುರುತು ಇನ್ನೂ ಹಾಗೇ ಇತ್ತು.

ಹುಡುಗಿಯ ತಾಯಿ ಕೊರಳು ಮುಟ್ಟಿಕೊಂಡು ಚೀರಿದರು. "ಅಯ್ಯಯ್ಯೋ, ನನ್ ತಾಳಿ ದಾರ! ಹೆಣ್ಣು ನೋಡಾಕ್ ಬಂದೋನು ಮುತ್ತೈದೆ ದಾರ ಕಿತ್ತವ್ನೆ!"

ಬೀದಿಗೆ ಬೀದಿಯೇ ಓಡಿ ಬಂತು. ನಮ್ಮವ್ವ ತಲೆ ಮೇಲೆ ಕೈಹೊತ್ತು ಕುಸಿದಳು. ಒಪ್ಪಿದ ಒಂದೇ ಒಂದು ಹೆಣ್ಣೂ ಬಚ್ಚಲ ನೀರಲ್ಲಿ ಹರಿದುಹೋಯಿತಲ್ಲ ಅಂತ ಅಳುವೇ ಬಂತು.

ಆಗ ಹುಡುಗಿ ಬಾಗಿಲ ಮರೆಯಿಂದ ಮೆಲ್ಲಗೆ ಕೇಳಿದಳು, "ಅಪ್ಪ, ಅವ್ವ ಹೊಸ ದಾರ ಹಾಕ್ಕಂಡಾಗ, ಹಳೇದನ್ನ ಹರಿಯೋ ನೀರಿಗೆ ಬಿಟ್ಬನ್ನಿ ಅಂತ ನಿಮ್ ಕೈಗೇ ಅಲ್ವ ಕೊಟ್ಟಿದ್ದು?"

ಎಲ್ಲರೂ ಆತನ ಕಡೆ ತಿರುಗಿದರು.

"ಬಿಡಾಕೇ ಓದೆ ಕಣವ್ವ. ಬ್ಯಾಸ್ಗೆ, ಹೊಳೇಲಿ ಒಂದ್ ತೊಟ್ಟೂ ನೀರಿಲ್ಲ. ಮನೆಗ್ ಬಂದು ನೋಡಿದ್ರೆ ಹರಿಯೋ ನೀರು ಅಂತ ಇದ್ದದ್ದು ಇದೊಂದೇಯ. ಶಾಸ್ತ್ರನೂ ಆಯ್ತದೆ, ಸೋರೋದೂ ಕಮ್ಮಿ ಆಯ್ತದೆ ಅಂತ ಸುತ್ಬುಟ್ಟೆ."

ಹುಡುಗಿಯ ತಾಯಿ ಗಂಡನನ್ನು ಸುಡುವ ಹಾಗೆ ನೋಡಿದರು. ಆಮೇಲೆ ನನಗೆ, "ಇದ್ದಂಗೇ ಸುತ್ತಿ ಇಡಪ್ಪ. ನೀರಿಗೆ ಬಿಟ್ಟಿದ್ದನ್ನ ಮ್ಯಾಲೆತ್ತಬಾರ್ದು. ಆದ್ರೆ ದಾರದ ಮ್ಯಾಲೆ ಹರಿಯೋ ನೀರ್ ಮಾತ್ರ ನಿಲ್ಸ್‌ಬ್ಯಾಡ. ನಿಂತು ಇವ್ರಿಗೇನಾರ ಆದಾತು!" ಅಂದರು.

ದಾರ ಮತ್ತೆ ಸುತ್ತಿ, ನಟ್ಟು ಸಡಿಲವಾಗಿಯೇ ಬಿಟ್ಟೆ. ನೀರು ಜಿನುಗಿತು. ಆಕೆ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು.

"ನಡೀಲಾ ಮಗ, ಇದೂ ಕೂಡ್ಬರ್ನಿಲ್ಲ" ಅಂತ ಅವ್ವ ಎದ್ದಳು.

"ಎಲ್ಗೋಯ್ತೀರಿ? ತಾಂಬೂಲ ಯಾರ್ ತಕಳದು?" ಅಂತ ಆಕೆ ಅಡ್ಡ ನಿಂತರು. "ನಾಳೀಕೆ ಇನ್ಯಾವನೋ ಬಂದು ಸೋರೋದ್ನ ನಿಲ್ಸ್‌ಬುಟ್ರೆ ನನ್ ಗತಿಯೇನು? ಈ ನಲ್ಲಿ ಗುಟ್ಟು ತಿಳ್ದೋನೇ ಈ ಮನೆ ಅಳಿಯ ಆಗ್ಬೇಕು!"

ಬೂತಿಗೆ ಬಂದ ಫೋನು

ಮದುವೆಯಾಗಿ ವರ್ಷಗಳಾದವು. ಊರಿಗೆಲ್ಲ ನಲ್ಲಿ ನಿಲ್ಲಿಸುವವನು, ಮಾವನ ಮನೆ ನಲ್ಲಿ ಮಾತ್ರ ಸೋರುವ ಹಾಗೆ ಕಾಪಾಡಿಕೊಂಡು ಬಂದೆ. ಒಂದು ಬೆಳಿಗ್ಗೆ ನನ್ನ ಅಂಗಡಿ ಪಕ್ಕದ ಎಸ್‌ಟಿಡಿ ಬೂತಿಗೆ ಅತ್ತೆಯ ಫೋನು ಬಂತು, ಒಂದೇ ಅಳು.

"ಅಳಿಯಂದ್ರೇ, ನಿಂತೋಯ್ತು! ಪೂರಾ ನಿಂತೋಯ್ತು!"

ನನ್ನ ಎದೆಯೇ ನಿಂತಿತು. "ಮಾವನೋರು ಯಾವಾಗ...?"

"ಥೂ, ಬಿಡ್ತು ಅನ್ನಿ! ನಲ್ಲಿ ಕಣಪ್ಪ, ನಲ್ಲಿ! ಸ್ಪ್ಯಾನರ್ ತಕಂಡು ಬಿರ್ನೆ ಬನ್ನಿ!"

ಸಿಕ್ಕಿದ ಬಸ್ಸು ಹತ್ತಿ ಯಳಂದೂರಿಗೆ ಓಡಿದೆ. ಹಿತ್ತಿಲಲ್ಲಿ ಮಾವ ಮಣೆ ಹಾಕಿಕೊಂಡು ಕೂತು, ನಲ್ಲಿಯ ಕತ್ತಿನ ಮೇಲೆ ಚೊಂಬಿನಿಂದ ನೀರು ಹುಯ್ಯುತ್ತಿದ್ದಾರೆ, ಲಿಂಗಕ್ಕೆ ಅಭಿಷೇಕ ಮಾಡಿದ ಹಾಗೆ. ಅತ್ತೆ ಹಿಂದೆಯೇ ನಿಂತಿದ್ದಾರೆ. "ನಿಲ್ಲುಸ್ಬ್ಯಾಡಿ, ನಿಮ್ ಆಯಸ್ಸಿನ ಮಾತು!" ಅಂತ ಗದರಿಸಿ, ನನಗೆ ಕಾಫಿ ತರೋಕೆ ಒಳಗೆ ಹೋದರು.

ಆಕೆ ಮರೆಯಾದದ್ದೇ ತಡ, ಮಾವ ನನ್ನ ಅಂಗಿ ಹಿಡಿದು ಹತ್ತಿರ ಎಳೆದುಕೊಂಡರು.

"ನಾನೇ ಕಣಪ್ಪ ಇಕ್ಕಳ ತಕಂಡು ಬಿಗಿ ಮಾಡ್ದೋನು. ಅದರ ತೊಟ್ ತೊಟ್ ಸದ್ದಿಗೆ ನಿಮ್ ಮದ್ವೆ ಆದಾಗಿಂದ ಮಧ್ಯಾನದ ನಿದ್ದೆ ಕಂಡಿಲ್ಲ. ಅವ್ಳಿಗ್ ಯೋಳ್‌ಬ್ಯಾಡ" ಅಂದವರು, ಚೊಂಬನ್ನು ಈ ಕೈಯಿಂದ ಆ ಕೈಗೆ ಬದಲಿಸಿ ಗೋಗರೆದರು, "ಆಯಸ್ಸು ಓದ್ರೆ ಓಗ್ಲಿ, ಕೈಯೇ ಬಿದ್ದೋಯ್ತಾ ಅದೆ. ಬಿರ್ನೆ ಸೋರ್ಸಪ್ಪಾ ನಿನ್ ದಮ್ಮಯ್ಯ!"