ಮಿಂಚಕ್ಕನ ಗಂಡ

ಬೇರೆಯವರ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವವನು ನಾನು. ಮನೆಯಲ್ಲಿ ಇದೇ ಕೆಲಸವನ್ನು ನನ್ನ ಹೆಂಡತಿ ಸಂಬಳವಿಲ್ಲದೆ ಮಾಡುತ್ತಾಳೆ. ಇಪ್ಪತ್ತಾರು ವರ್ಷದಿಂದ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದೇನೆ. ಮಾತ್ರೆಯ ಡಬ್ಬಿಯೊಳಗೆ ಎಂಟು ಮಡಿಕೆ ಮಡಚಿಟ್ಟ ಸಣ್ಣಕ್ಷರದ ಚೀಟಿ ಇರುತ್ತದಲ್ಲ, ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದ ಭೂಲೋಕದ ಏಕೈಕ ಮಹಾಪುರುಷ ನಾನೇ ಇರಬೇಕು. ಇಂಥ ಹದ್ದಿನ ಕಣ್ಣಿನವನಾದ ನಾನು ಒಂದು ಗುಂಪಿನಲ್ಲಿ ನಾಲ್ಕು ತಿಂಗಳು ಹೆಂಗಸಾಗಿ ಬಾಳಿದೆ. ಎರಡು ತಿಂಗಳು ಗೊತ್ತಿಲ್ಲದೆ, ಇನ್ನೆರಡು ತಿಂಗಳು ಗೊತ್ತಿದ್ದೂ ಗೊತ್ತಿದ್ದೂ. ಈ ಎರಡನೆಯ ಭಾಗವನ್ನು ದಯವಿಟ್ಟು ನನ್ನ ಹೆಂಡತಿಗೆ ಹೇಳಬೇಡಿ. (ಅವಳಿಗೆ ಗೊತ್ತು. ಆದರೂ ಹೇಳಬೇಡಿ.)

ಶುರುವಾದದ್ದು ಹೀಗೆ. ಮುದ್ರಣಾಲಯದ ದೊಡ್ಡ ಯಂತ್ರ ಕೆಟ್ಟು ಒಂದು ವಾರ ಕೆಲಸ ನಿಂತಿತು. ಕೈಗೆ ಕೆಲಸವಿಲ್ಲದ ಬೈಂಡರು ತನ್ನ ಫೋನಿನಲ್ಲಿ ಒಂದು ಆಟ ತೋರಿಸಿದ. ಹೆಸರು ಕೋಟೆ ಕಾಳಗ. ನಾಲ್ಕು ಜನರ ಒಂದು ತಂಡ, ಇನ್ನೊಂದು ತಂಡದ ಕೋಟೆಗೆ ನುಗ್ಗಿ ಬಾವುಟ ಕಿತ್ತರೆ ಗೆಲುವು. ತಂಡದವರು ಎಲ್ಲೆಲ್ಲೋ ಕೂತಿರುತ್ತಾರೆ, ಫೋನಿನಲ್ಲೇ ಮಾತು, ಫೋನಿನಲ್ಲೇ ಬರಹ. ಐವತ್ತೆರಡು ವರ್ಷದ ನನ್ನೊಳಗೆ ಒಬ್ಬ ಸೇನಾಧಿಪತಿ ಇಪ್ಪತ್ತಾರು ವರ್ಷದಿಂದ ಕರಡು ಹಾಳೆಗಳ ಅಡಿಯಲ್ಲಿ ಉಸಿರುಗಟ್ಟಿ ಬಿದ್ದಿದ್ದಾನೆ ಎಂದು ಆ ಕ್ಷಣ ನನಗೆ ಹೊಳೆಯಿತು.

ಹೆಸರು ಕೊಡಬೇಕಿತ್ತು. 'ಸಿಡಿಲು' ಎಂದೆ, ಯಾರೋ ಆಗಲೇ ಇಟ್ಟುಕೊಂಡಿದ್ದರು. 'ಗುಡುಗು', ಅದೂ ಹೋಗಿತ್ತು. ಆಕಾಶದಲ್ಲಿ ನನಗಾಗಿ ಉಳಿದಿದ್ದದ್ದು 'ಮಿಂಚು' ಒಂದೇ. ಆಮೇಲೆ ವೇಷ. ಮೀಸೆಯ ಯೋಧ ಬೇಕಾದರೆ ಆಟದಲ್ಲಿ ಹನ್ನೆರಡು ವಜ್ರ ಗೆದ್ದಿರಬೇಕು. ಪುಕ್ಕಟೆಯಾಗಿ ಸಿಗುತ್ತಿದ್ದವಳು ಮೊಣಕಾಲುದ್ದ ಜಡೆಯ ಒಬ್ಬ ತರುಣಿ. ಯುದ್ಧ ಮಾಡುವುದು ಬುದ್ಧಿ, ಜಡೆ ಯಾರದಾದರೇನು ಎಂದುಕೊಂಡು ಅವಳನ್ನೇ ಆರಿಸಿದೆ.

ನಾನು ಸೇರಿದ ತಂಡದಲ್ಲಿ ಮೂವರಿದ್ದರು. ನಾಯಕನ ಹೆಸರು ಬಿರುಗಾಳಿ, ಲಿಫ್ಟ್ ರಿಪೇರಿಯವನು. ಎರಡನೆಯವನು ಬುಲ್ಡೋಜರ್, ಔಷಧಿ ಅಂಗಡಿಯಲ್ಲಿ ಮಾತ್ರೆ ಎಣಿಸಿ ಕೊಡುವವನು. ಮೂರನೆಯದು ಕಪ್ಪುಗೂಬೆ. ಗೂಬೆ ಮಾತಾಡುತ್ತಲೇ ಇರಲಿಲ್ಲ, 'ಹೂಂ', 'ಸರಿ' ಅಂತ ಬರೆದರೆ ಅದೇ ಆ ದಿನದ ಭಾಷಣ. ಎಲ್ಲರೂ ಅದನ್ನು ಗೂಬೆಯಣ್ಣ ಅನ್ನುತ್ತಿದ್ದರು.

ಮೈಕು ನಾನೂ ಮುಟ್ಟಲಿಲ್ಲ, ಅದಕ್ಕೆ ಕಾರಣ ನನ್ನ ಹೆಂಡತಿ. ಅವಳು ಬಸ್ ನಿಲ್ದಾಣದಲ್ಲಿ ಕಂಟ್ರೋಲರ್. ಗಾಜಿನ ಗೂಡಿನಲ್ಲಿ ಕೂತು ದಿನಕ್ಕೆ ಎಂಟು ಗಂಟೆ ಮೈಕಿನಲ್ಲಿ ಬಸ್ಸುಗಳನ್ನು ಕರೆದು, ಕಳಿಸಿ, ಚಾಲಕರನ್ನು ಗದರಿಸಿ ಮನೆಗೆ ಬಂದರೆ, "ಒಂದು ಗಂಟೆ ಯಾರ ದನಿನೂ ಕೇಳಿಸಬಾರದು" ಎಂಬುದು ಅವಳ ಕಟ್ಟಾಜ್ಞೆ. ಹಾಗಾಗಿ ನಾನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಟೈಪ್ ಮಾಡುತ್ತಿದ್ದೆ. ಅಲ್ಪಪ್ರಾಣ ಮಹಾಪ್ರಾಣ ಒಂದೂ ತಪ್ಪದ ಹಾಗೆ.

ಮೊದಲ ದಿನದಿಂದಲೇ ನನಗೆ ಅಲ್ಲಿ ರಾಜಮರ್ಯಾದೆ. ಒಳ್ಳೆಯ ಗುರಾಣಿ ಸಿಕ್ಕರೆ, "ಮಿಂಚು ಅವರಿಗೆ ಕೊಡ್ರೋ." ಔಷಧದ ಚೀಲ ಸಿಕ್ಕರೆ, "ಮಿಂಚು ಅವರಿಗೆ ಇರಲಿ." ನದಿ ದಾಟುವಾಗ ಬುಲ್ಡೋಜರ್ ನನ್ನ ಗಂಟುಮೂಟೆಯನ್ನೂ ತಾನೇ ಹೊತ್ತ. ವಯಸ್ಸಿಗೂ ವ್ಯಾಕರಣಕ್ಕೂ ಗೌರವ ಕೊಡುವ ಯುವಕರು ಇನ್ನೂ ಉಳಿದಿದ್ದಾರಲ್ಲ ಎಂದು ನನ್ನ ಕಣ್ಣು ತೇವವಾಯಿತು.

ಎಡವಟ್ಟಾದದ್ದು ನಮ್ಮ ಕನ್ನಡದಿಂದ. 'ಬಂದೆ', 'ಹೋದೆ', 'ಸತ್ತೆ' ಅಂದರೆ ಹೇಳಿದವರು ಗಂಡೋ ಹೆಣ್ಣೋ ದೇವರಿಗೂ ತಿಳಿಯುವುದಿಲ್ಲ. ಅದರ ಮೇಲೆ ನಾನು ಸಂಸ್ಕಾರವಂತ, ಹೆಂಡತಿಯನ್ನು ಹೊರಗಿನವರ ಮುಂದೆ ಏಕವಚನದಲ್ಲಿ ಕರೆಯುವವನಲ್ಲ. "ಕ್ಷಮಿಸಿ, ನಮ್ಮ ಮನೆಯವರು ಕರೆಯುತ್ತಿದ್ದಾರೆ" ಎಂದು ಬರೆಯುತ್ತಿದ್ದೆ. "ಪಾತ್ರೆಗಳನ್ನೆಲ್ಲ ತೊಳೆದು ಬರುವಷ್ಟರಲ್ಲಿ ತಡವಾಯಿತು." "ನಿನ್ನೆ ಮನೆಯವರು ಸಿಟ್ಟಿನಿಂದ ಫೋನನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು." ಇದಕ್ಕೆಲ್ಲ ಅತ್ತ ಕಡೆಯಿಂದ ನಿಟ್ಟುಸಿರು ಕೇಳಿಸುತ್ತಿತ್ತು. ಗಂಡಸರ ಕಷ್ಟ ಗಂಡಸರಿಗೇ ಗೊತ್ತು ಎಂದು ನಾನು ಸಮಾಧಾನಪಟ್ಟುಕೊಂಡೆ.

ಎರಡು ತಿಂಗಳಾದ ಮೇಲೆ ಒಂದು ಸಂಜೆ ಬುಲ್ಡೋಜರ್, "ಅಕ್ಕಾ, ನೀವು ಧೈರ್ಯವಾಗಿರಿ, ನಾವೆಲ್ಲ ನಿಮ್ಮ ತಮ್ಮಂದಿರಿದ್ದ ಹಾಗೆ" ಅಂದ. ಯಾವ ಅಕ್ಕ ಎಂದು ಸುತ್ತ ನೋಡಿದೆ. ಪರದೆಯ ಮೇಲೆ ಜಡೆ ಇದ್ದವಳು ನಾನೊಬ್ಬಳೇ. ತಿದ್ದಬೇಕು ಅಂತಲೇ ಬೆರಳು ಎತ್ತಿದ್ದೆ. ಅದೇ ಹೊತ್ತಿಗೆ ಬಿರುಗಾಳಿ ತನ್ನ ಚಿನ್ನದ ಗುರಾಣಿಯನ್ನು ತಂದು ನನ್ನ ಮುಂದಿಟ್ಟ. ನಾಳೆ ತಿದ್ದಿದರಾಯಿತು ಎಂದುಕೊಂಡೆ. (ಆ ನಾಳೆ ಬರುವಷ್ಟರಲ್ಲಿ ಎರಡು ತಿಂಗಳು ಕಳೆಯಿತು.)

ಆದರೆ ಚಿನ್ನದ ಗುರಾಣಿಯ ಹಿಂದೆ ಕೂತವರ ಮಾತನ್ನು ಯಾರೂ ಕೇಳುವುದಿಲ್ಲ ಎಂದು ನನಗೆ ಬೇಗ ತಿಳಿಯಿತು. "ಹಿಂದಿನ ಕಾಲುವೆಯಿಂದ ನುಗ್ಗೋಣ" ಎಂದು ಬರೆದೆ. ಉತ್ತರವಿಲ್ಲ. ಮತ್ತೆ ಬರೆದೆ. "ಅಕ್ಕಾ, ನೀವು ಟೆನ್ಷನ್ ಮಾಡ್ಕೋಬೇಡಿ" ಎಂದ ಬಿರುಗಾಳಿ. ಎರಡು ನಿಮಿಷ ಬಿಟ್ಟು ಬುಲ್ಡೋಜರ್, "ಗುರೂ, ಹಿಂದಿನ ಕಾಲುವೆಯಿಂದ ನುಗ್ಗಿದ್ರೆ ಹೆಂಗೆ?" ಅಂದ. "ಭಲೇ! ಏನ್ ತಲೆ ಕಣೋ ನಿಂದು!" ಆಮೇಲೆ ಇಬ್ಬರೂ ಸೇರಿ ಕಾಲುವೆ ಅಂದರೇನು, ಅದರಲ್ಲಿ ನೀರು ಯಾವ ಕಡೆಗೆ ಹರಿಯುತ್ತದೆ ಎಂದು ನನಗೆ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿಕೊಟ್ಟರು.

ಆ ಸಂಜೆ ಹೆಂಡತಿಯ ಮುಂದೆ ಕಿಡಿಕಾರಿದೆ. "ನಾನು ಹೇಳಿದಾಗ ಒಬ್ಬನೂ ಕಿವಿ ಮೇಲೆ ಹಾಕ್ಕೊಳ್ಳಲ್ಲ. ಅದೇ ಮಾತನ್ನ ಇನ್ನೊಬ್ಬ ಗಂಡಸು ಹೇಳಿದ್ರೆ ಭಲೇ ಭೇಷ್! ಇಂಥ ಅನ್ಯಾಯ ಎಲ್ಲಾದ್ರೂ ಕಂಡಿದೀಯಾ?"

ಅವಳು ಬಟ್ಟೆ ಮಡಚುವುದನ್ನು ನಿಲ್ಲಿಸಿದಳು. "ಇಲ್ಲಪ್ಪಾ, ಎಲ್ಲೂ ಕಂಡಿಲ್ಲ" ಎಂದಳು. "ಅಂದಹಾಗೆ, ಅಡುಗೆಮನೆ ನಲ್ಲಿಗೆ ಏನಾಗಿತ್ತಂತೆ?"

"ವಾಷರ್ ಹೋಗಿತ್ತು. ಪ್ಲಂಬರ್ ಎಂಥ ಬುದ್ಧಿವಂತ ಗೊತ್ತಾ? ನೋಡಿದ ತಕ್ಷಣ ಹೇಳಿಬಿಟ್ಟ!"

"ನಾನು ಮೂರು ತಿಂಗಳಿಂದ ಏನು ಹೇಳ್ತಿದ್ದೆ?"

"ಏನೋ ಹೇಳ್ತಿದ್ದೆ..." ಎಂದೆ. ನಿಜವಾಗಿಯೂ ನೆನಪಾಗಲಿಲ್ಲ. ಅವಳು ಮಡಚಿದ ಬಟ್ಟೆಗಳಲ್ಲಿ ನನ್ನವನ್ನು ಮಾತ್ರ ಬಿಡಿಸಿ ನನ್ನ ಮಡಿಲಿಗೆ ಹಾಕಿ ಒಳಗೆ ಹೋದಳು.

ಮರುದಿನ ಗೂಬೆಯಣ್ಣ ನನಗೊಬ್ಬನಿಗೇ ಕಾಣುವ ಹಾಗೆ ಒಂದು ಸಂದೇಶ ಕಳಿಸಿದ. "ಹೆಸರು ಬದಲಾಯಿಸಿಕೊಳ್ಳಿ. ಮೀಸೆಯ ವೇಷ ಹಾಕಿ, ಸುಮ್ಮನಿರಿ. ನೆಮ್ಮದಿಯಾಗಿರುತ್ತೆ." ಇದೇನು ಗೂಬೆಯ ತತ್ವಜ್ಞಾನ ಎಂದು ನಾನು ಅತ್ತ ಗಮನ ಕೊಡಲಿಲ್ಲ.

ಕೋಟೆ ಕಾಳಗದ ಪಂದ್ಯಾವಳಿಯಲ್ಲಿ ನಮ್ಮ ತಂಡದ ಕೊನೆಯ ಪಂದ್ಯ ಬಂತು. ಭಾನುವಾರ, ಸಂಜೆ ನಾಲ್ಕು ಗಂಟೆ. ಗೆದ್ದವರಿಗೆ ಪ್ರಥಮ ದರ್ಜೆಯ ಬಿರುದು, ಹೆಸರಿನ ಸುತ್ತ ಬೆಂಕಿಯ ಬಳೆ. ನಾನು ಹಿಂದಿನ ದಿನವೇ ಮೂರು ಪುಟದ ಯುದ್ಧತಂತ್ರ ಬರೆದು, ಎರಡು ಸಲ ತಿದ್ದಿ ಗುಂಪಿಗೆ ಹಾಕಿದ್ದೆ. ಹೆಂಡತಿ ಒಳಗೆ ಬಾಗಿಲು ಹಾಕಿಕೊಂಡು ಮಲಗಿದ್ದರಿಂದ ಇಯರ್‌ಫೋನ್ ಹಾಕಿರಲಿಲ್ಲ.

"ಅಕ್ಕಾ, ನೀವು ಡೇರೆಯಲ್ಲೇ ಇರಿ" ಎಂದ ಬಿರುಗಾಳಿ. "ಗಾಯ ಆದವರಿಗೆ ಬ್ಯಾಂಡೇಜ್ ಕಟ್ಟಿ."

"ನನ್ನ ಯುದ್ಧತಂತ್ರವನ್ನು ಓದಿದಿರಾ?" ಎಂದು ಬರೆದೆ.

"ಓದಿದೆ ಅಕ್ಕಾ. ಅಕ್ಷರ ಎಷ್ಟು ಚೆನ್ನಾಗಿದೆ!"

ಟೈಪ್ ಮಾಡಿದ ಅಕ್ಷರ! ನನ್ನ ತಾಳ್ಮೆ ತುಂಡಾಯಿತು. ನಾಲ್ಕು ತಿಂಗಳಲ್ಲಿ ಮೊದಲ ಸಲ ಮೈಕು ಒತ್ತಿ ಗುಡುಗಿದೆ. "ರೀ ಸ್ವಾಮಿ! ಅಕ್ಕನೂ ಇಲ್ಲ, ಗಿಕ್ಕನೂ ಇಲ್ಲ! ಈ ಫೋನು ನಂದು, ಆಡೋನೂ ನಾನೇ! ಬಾಯಿ ಮುಚ್ಚಿಕೊಂಡು ನಾನು ಹೇಳಿದ ಹಾಗೆ ಕೇಳಿ!"

ಅತ್ತ ಕಡೆಯಿಂದ ಬುಲ್ಡೋಜರ್‌ನ ನಡುಗುವ ದನಿ. "ಗುರೂ... ಇವನೇ ಕಣೋ. ಆ ಗಂಡ."

"ಏನ್ರೀ!" ಎಂದ ಬಿರುಗಾಳಿ. ಅವನ ದನಿ ಇಷ್ಟು ಗಡುಸಾಗಿದ್ದನ್ನು ನಾನು ಕೇಳಿಯೇ ಇರಲಿಲ್ಲ. "ಮನೆಕೆಲಸ ಎಲ್ಲ ಮಾಡಿ ಮುಗಿಸಿ, ಪಾಪ ಆ ಹೆಣ್ಣುಮಗಳು ಒಂದು ಗಂಟೆ ಆಡಿದ್ರೆ ನಿಮಗೇನ್ರೀ ಸಂಕಟ? ಬೀರುವಿನಲ್ಲಿ ಫೋನ್ ಇಡೋ ಮನುಷ್ಯ ನೀವೇನಾ? ಮೊದಲು ಅಕ್ಕನಿಗೆ ಫೋನ್ ಕೊಡಿ!"

"ಅಯ್ಯೋ, ಅದನ್ನ ಬೀರುವಿನಲ್ಲಿಟ್ಟಿದ್ದು ಅವಳು! ಪಾತ್ರೆ ತೊಳೆದಿದ್ದು ನಾನು!"

"ಎಲ್ಲ ಗಂಡಂದಿರೂ ಹೀಗೇ ಹೇಳೋದು!"

ಈ ಗಲಾಟೆಗೆ ನನ್ನ ಹೆಂಡತಿ ಎದ್ದು ಬಂದಳು. "ಏನ್ರೀ ಅದು ಕಿರುಚಾಟ? ಯಾರ ಹತ್ರ ಜಗಳ?"

ಮೈಕು ಇನ್ನೂ ತೆರೆದೇ ಇತ್ತು. "ಅಕ್ಕಾ!" ಎಂದು ಫೋನಿನೊಳಗಿಂದ ಎರಡು ಗಂಟಲು ಒಟ್ಟಿಗೆ ಕೂಗಿದವು. "ಮಿಂಚಕ್ಕಾ! ಚೆನ್ನಾಗಿದೀರಾ? ಹೆದರಬೇಡಿ, ಅವರು ನಿಮಗೆ ಕೊಡೋ ಕಾಟ ಎಲ್ಲ ನಮಗೆ ಗೊತ್ತು!"

ಅವಳು ನನ್ನ ಕೈಯಿಂದ ಫೋನು ತೆಗೆದುಕೊಂಡಳು. ಜಡೆಯ ತರುಣಿಯನ್ನು ನೋಡಿದಳು. ನನ್ನನ್ನು ನೋಡಿದಳು. ಮತ್ತೆ ಜಡೆಯನ್ನು ನೋಡಿದಳು. ಅರವತ್ತು ಚಾಲಕರ ಸುಳ್ಳನ್ನು ದಿನವೂ ಗಾಜಿನಾಚೆಯಿಂದಲೇ ಹಿಡಿಯುವವಳು ಅವಳು, ಇದಕ್ಕೆ ಅರ್ಧ ನಿಮಿಷ ಸಾಕಾಯಿತು. ನಾನು ಕೈಮುಗಿದೆ. ಅವಳು ಮೈಕಿನ ಹತ್ತಿರ ಬಾಯಿ ತಂದು, ಬಹಳ ಸಣ್ಣ ದನಿಯಲ್ಲಿ ಹೇಳಿದಳು. "ಏನು ಹೇಳಲಪ್ಪಾ. ಕಾಟ ಒಂದಾ ಎರಡಾ."

"ಪಾಪ!" ಎಂದ ಬುಲ್ಡೋಜರ್.

ಅಷ್ಟರಲ್ಲಿ ಎದುರು ತಂಡ ನಮ್ಮ ಹೆಬ್ಬಾಗಿಲಿಗೆ ಬಂದಿತ್ತು. ಬಿರುಗಾಳಿ, "ಅಕ್ಕಾ, ನೀವು ಡೇರೆಯಲ್ಲೇ..." ಎಂದು ಶುರುಮಾಡಿದ.

"ಮೈಕಿನಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತಾಡ್ಬೇಕು" ಎಂದಳು ನನ್ನ ಹೆಂಡತಿ. ಸಣ್ಣ ದನಿ ಎಲ್ಲೋ ಹೋಗಿತ್ತು. ಇದು ಬಸ್ ನಿಲ್ದಾಣದ ದನಿ, ಕೇಳಿದರೆ ಓಡುವ ಬಸ್ಸೂ ತಾನಾಗಿ ನಿಲ್ಲುತ್ತದೆ. "ಈಗ ನಾನು ಮಾತಾಡ್ತಿದೀನಿ. ಬಿರುಗಾಳಿ, ನೀನು ಹೆಬ್ಬಾಗಿಲಲ್ಲೇ ನಿಲ್ಲು, ಜಾಗ ಬಿಟ್ಟು ಅಲ್ಲಾಡಬೇಡ. ಬುಲ್ಡೋಜರ್, ಎಡಗಡೆ ಗೋಡೆ ಖಾಲಿ ಇದೆ, ಹೋಗು. ಯಾರಪ್ಪಾ ಕಾಲುವೆ ಹತ್ರ ಇರೋದು?"

"ನಾನಿದೀನಿ ಅಕ್ಕಾ, ಹೇಳಿ" ಎಂದಿತು ಒಂದು ಸ್ಪಷ್ಟವಾದ ಹೆಣ್ಣು ದನಿ.

"ಗೂಬೆಯಣ್ಣಾ..." ಎಂದ ಬುಲ್ಡೋಜರ್, "ನಿನ್ನ ಗಂಟಲಿಗೆ ಏನಾಯ್ತು?"

"ಗಂಟಲು ಸರಿಯಾಗೇ ಇದೆ. ಅಣ್ಣ ಅಂತ ನೀವೇ ಕರೆದಿರಿ, ಎರಡು ವರ್ಷದಿಂದ. ನಾನು ಸುಮ್ಮನಿದ್ದೆ, ಡೇರೆಯಲ್ಲಿ ಕೂರಿಸ್ತೀರ ಅಂತ."

"ಆ ಮಾತು ಆಮೇಲೆ" ಎಂದಳು ನನ್ನ ಹೆಂಡತಿ. "ಗೂಬೆ, ನೀನು ಕಾಲುವೆಯಿಂದ ಒಳಗೆ ಹೋಗು. ನಾನು ಹಿಂದೆ ಬರ್ತೀನಿ."

ಆರು ನಿಮಿಷದಲ್ಲಿ ಬಾವುಟ ಕೈಗೆ ಬಂತು. ಎರಡು ತಿಂಗಳಿಂದ ನಾನು ಬೊಬ್ಬೆ ಹೊಡೆದದ್ದೂ ಅದೇ ಕಾಲುವೆಗಾಗಿಯೇ ಎಂದು ನಾನು ಹೇಳಿದೆ. ಯಾರೂ ಕೇಳಲಿಲ್ಲ. "ನಿಂಗೆ ಆಟ ಹೇಗೆ ಬಂತು?" ಎಂದೆ. "ನಾಲ್ಕು ತಿಂಗಳಿಂದ ಪಕ್ಕದ ಕುರ್ಚಿಯಲ್ಲಿ ಕೂತು ಇದನ್ನೇ ನೋಡ್ತಿದೀನಿ. ನೀವು ಯಾವತ್ತಾದ್ರೂ ಕೇಳಿದ್ರಾ?" ಎಂದಳು.

ಅಂದಿನಿಂದ ಅವಳೇ ಮಿಂಚಕ್ಕ. ತಂಡ ಅವಳನ್ನು ಒಕ್ಕೊರಲಿನಿಂದ ನಾಯಕಿಯನ್ನಾಗಿ ಆರಿಸಿತು, ಬಿರುಗಾಳಿ ತಾನೇ ಮುಂದೆ ಬಂದು ಪಟ್ಟ ಬಿಟ್ಟುಕೊಟ್ಟ. ಗೂಬೆ ಈಗ ಬಾಯಿ ಮುಚ್ಚುವುದೇ ಇಲ್ಲ, ಅಷ್ಟು ಮಾತು. ಆಟ ಶುರುವಾಗುವ ಮೊದಲು ಬುಲ್ಡೋಜರ್ ದಿನವೂ, "ಅಕ್ಕಾ, ಇವತ್ತು ಪಾತ್ರೆ ಯಾರು ತೊಳೆದಿದ್ದು?" ಎಂದು ವಿಚಾರಿಸುತ್ತಾನೆ. "ಇವತ್ತು ಅವರೇ ತೊಳೆದ್ರು, ನಿಮಗೆ ಹೆದರಿ" ಎನ್ನುತ್ತಾಳೆ ಇವಳು. ಮದುವೆಯಾದಾಗಿನಿಂದ ನಾನೇ ತೊಳೆಯುತ್ತಿರುವ ಪಾತ್ರೆಗಳ ಕೀರ್ತಿ ಹೀಗೆ ಒಬ್ಬ ಔಷಧಿ ಅಂಗಡಿಯವನ ಪಾಲಾಯಿತು.

ಎಷ್ಟು ದಿನ ಸಹಿಸಲಿ? ಮೊನ್ನೆ ಅವಳು ಡ್ಯೂಟಿಯಿಂದ ಬರುವ ಮುನ್ನ ಗುಂಪಿಗೆ ಒಂದು ಸುದೀರ್ಘ ತಪ್ಪೊಪ್ಪಿಗೆ ಬರೆದೆ. ನಾನು ಗಂಡಸು, ಕರಡು ತಿದ್ದುವವನು, ಮೊದಲಿನ ಮಿಂಚು ನಾನೇ, ಎರಡು ತಿಂಗಳು ಗುರಾಣಿಯ ಆಸೆಗೆ ಸುಮ್ಮನಿದ್ದೆ, ನನ್ನ ಹೆಂಡತಿಯನ್ನು ನಾನು ಎಂದೂ ಕಾಡಿಲ್ಲ, ಕಾಡುವ ಧೈರ್ಯವೂ ಇಲ್ಲ. ಎಲ್ಲವನ್ನೂ ಪ್ರಾಮಾಣಿಕವಾಗಿ ಬರೆದು ಕಳಿಸಿದೆ. ಮನಸ್ಸು ಹಗುರವಾಯಿತು.

ಸ್ವಲ್ಪ ಹೊತ್ತಿಗೆ ಬುಲ್ಡೋಜರ್‌ನ ಉತ್ತರ ಬಂತು. "ಅಕ್ಕಾ, ಇದನ್ನ ನಿಮ್ಮ ಕೈಲಿ ಅವರು ಬಲವಂತವಾಗಿ ಬರೆಸಿದ್ರಾ? ಪಕ್ಕದಲ್ಲೇ ನಿಂತಿದ್ರೆ ಏನೂ ಹೇಳಬೇಡಿ. ಸುಮ್ಮನೆ ಒಂದು ಚುಕ್ಕೆ ಇಡಿ ಸಾಕು. ನಮಗೆ ಅರ್ಥ ಆಗುತ್ತೆ."

ನನಗೆ ಮೈಯೆಲ್ಲ ಉರಿಯಿತು. ತಕ್ಷಣ ಬರೆದೆ.

"ಖಂಡಿತ ಇಲ್ಲ."

ಕಳಿಸಿ ಉಸಿರು ಬಿಟ್ಟೆ. ಆಮೇಲೆ ನನ್ನ ವಾಕ್ಯವನ್ನು, ಅಭ್ಯಾಸ ನೋಡಿ, ಮತ್ತೊಂದು ಸಲ ಓದಿದೆ. ಇಪ್ಪತ್ತಾರು ವರ್ಷದಲ್ಲಿ ಒಂದು ವಾಕ್ಯವನ್ನೂ ಪೂರ್ಣವಿರಾಮವಿಲ್ಲದೆ ಬಿಟ್ಟ ಕೈಯಲ್ಲ ಇದು. ಅಳಿಸೋಣ ಎಂದು ಬೆರಳಿಡುವಷ್ಟರಲ್ಲಿ ಉತ್ತರ ಬಂದೇಬಿಟ್ಟಿತು.

"ಚುಕ್ಕೆ ಕಾಣಿಸ್ತು ಅಕ್ಕಾ. ಧೈರ್ಯವಾಗಿರಿ."

ಬಾಗಿಲು ತೆರೆದ ಸದ್ದಾಯಿತು. ನನ್ನ ಹೆಂಡತಿ ಚಪ್ಪಲಿಯನ್ನೂ ಬಿಡದೆ ಬಂದು, ಹೆಗಲ ಮೇಲಿಂದ ಬಗ್ಗಿ, ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಓದಿದಳು.

"ಬಹಳ ಚೆನ್ನಾಗಿ ಬರೆದಿದೀರಿ" ಎಂದಳು. "ಒಂದು ತಪ್ಪೂ ಇಲ್ಲ."