ಮನೆ ಕಾಣದ ಜಾಗ

ಅರವತ್ತಾರು ತುಂಬಿದ ಗಂಡಸಿಗೆ ಐದು ದಿನ ಸುಮ್ಮನೆ ಕೂರುವ ಹಕ್ಕು ಇದೆಯೋ ಇಲ್ಲವೋ? ಟ್ರೀಸೆನ್‌ಬರ್ಗಿನ ನಿವೃತ್ತ ಅಂಚೆಯಣ್ಣ ವೆಂಡೆಲಿನ್‌ನ ಪ್ರಕಾರ ಇದೆ. ಅವನ ಹೆಂಡತಿ ಮೆಲಿಟ್ಟಾಳ ಪ್ರಕಾರ, ಚಳಿಗಾಲಕ್ಕೆಂದು ತರಿಸಿದ ಎರಡು ಗಾಡಿ ಸೌದೆ ಅಂಗಳದಲ್ಲಿ ರಾಶಿ ಬಿದ್ದಿರುವ ತನಕ ಖಂಡಿತ ಇಲ್ಲ. ಆ ಸೌದೆ ಒಟ್ಟುವ ಕರ್ಮದಿಂದ ಪಾರಾಗಲೆಂದೇ ಅವನು ಒಂದು ಬೆಳಿಗ್ಗೆ ಘೋಷಿಸಿದ್ದು:

"ನಾವು ಲಿಕ್ಟೆನ್‌ಸ್ಟೈನ್ ದೇಶ ಪರ್ಯಟನೆ ಮಾಡೋಣ. ಆರಾಮಾಗಿ, ಐದು ದಿನ. ದಿನಕ್ಕೊಂದು ಊರು, ದಿನಕ್ಕೊಂದು ಹೋಟ್ಲು."

"ಇಪ್ಪತ್ತೈದು ಕಿಲೋಮೀಟರ್ ದೇಶಕ್ಕೆ ಐದು ದಿನವಾ?"

"ಅದಕ್ಕೇ ಆರಾಮಾಗಿ ಅಂದಿದ್ದು."

ಆಶ್ಚರ್ಯ, ಅವಳು ಒಪ್ಪಿಬಿಟ್ಟಳು. ಆ ಖುಷಿಗೆ ಹಕ್ಕಿ ನೋಡಲೆಂದು ಒಂದು ದುರ್ಬೀನು ಕೊಂಡು ಅವಳ ಕೊರಳಿಗೆ ಹಾಕಿದ. (ಕುಣಿಕೆ ಬಿದ್ದದ್ದು ತನ್ನ ಕೊರಳಿಗೆಂದು ಪಾಪ, ಅವನಿಗೆ ಹೇಗೆ ಗೊತ್ತಾಗಬೇಕು?)

ಮೊದಲ ದಿನ ಬಾಲ್ಜರ್ಸ್. ಕೋಟೆಯ ದಿಬ್ಬ ಹತ್ತಿ ಅವನು ಬೂಟು ಬಿಚ್ಚಿದ್ದನಷ್ಟೆ.

"ಅಲ್ಲ ಮಾರಾಯ, ಅದು ನಮ್ಮನೇನೇ ಅಲ್ವಾ?" ಎಂದಳು ದುರ್ಬೀನು ಕಣ್ಣಿಗಿಟ್ಟಿದ್ದ ಮೆಲಿಟ್ಟಾ.

ಗುಡ್ಡದ ಇಳಿಜಾರಿನ ಮನೆ, ಕಣಿವೆಗೆಲ್ಲ ಕಾಣುತ್ತದೆ. "ಹಕ್ಕಿ ನೋಡೇ, ಹಕ್ಕಿ," ಎಂದ ವೆಂಡೆಲಿನ್.

"ಹಕ್ಕಿ ಹಾಳಾಗ್ಲಿ! ಸೌದೆ ಮೇಲಿನ ತಾಡಪಾಲು ಹಾರಿಹೋಗಿದೆ. ಮಳೆ ಬಂದ್ರೆ ಏನು ಗತಿ? ಏಳು, ಬಸ್ಸಿಗೆ ಇನ್ನು ನಾಲ್ಕೇ ನಿಮಿಷ."

ಅರ್ಧ ಗಂಟೆಯಲ್ಲಿ ಮನೆ. ಹೇಗೂ ಬಂದಿದ್ದೀವಲ್ಲ ಎಂದು ಅವನಿಂದ ಒಂದು ಸಾಲು ಸೌದೆ ಒಟ್ಟಿಸಿದಳು. ಹೇಗೂ ಸುಸ್ತಾಗಿದೆಯಲ್ಲ ಎಂದು ಮನೆಯಲ್ಲೇ ಮಲಗಿಸಿದಳು. ಎರಡನೆಯ ದಿನ ವಾಡುಜ್‌ನಿಂದ ಅಡುಗೆಮನೆಯ ಕಿಟಕಿ ತೆರೆದಿದ್ದು ಕಂಡಿತು. ಮೂರನೆಯ ದಿನ ಷಾನ್‌ನಿಂದ ಹುರುಳಿಕಾಯಿ ಮಡಿಯಲ್ಲಿ ಪಕ್ಕದ ಮನೆಯ ಮೇಕೆ ಕಂಡಿತು. ಪ್ರತಿ ಸಂಜೆ ಬಸ್ಸು, ಪ್ರತಿ ಸಂಜೆ ಒಂದು ಸಾಲು ಸೌದೆ.

"ಏನು ಮಾವ, ಇವತ್ತಿನ ದೇಶ ಸುತ್ತಿದ್ದಾಯ್ತಾ?" ಎಂದು ಬಸ್ ಓಡಿಸುವ ಎಗೋನ್, ಮೆಲಿಟ್ಟಾಳ ಅಣ್ಣನ ಮಗ, ಎಲ್ಲರಿಗೂ ಕೇಳುವಂತೆ ಕೇಳಿದ. ಇಡೀ ಬಸ್ಸು ನಕ್ಕಿತು. ಇದಕ್ಕಿಂತ ಸೌದೆ ಒಟ್ಟಿಕೊಂಡೇ ಇದ್ದಿದ್ದರೆ ನಡೆಯುವ ಕಷ್ಟವಾದರೂ ತಪ್ಪುತ್ತಿತ್ತು. ದೊಡ್ಡ ದೇಶದ ಗಂಡಂದಿರು ಪುಣ್ಯವಂತರು ಎಂದು ವೆಂಡೆಲಿನ್ ಸೊಂಟ ಹಿಡಿದುಕೊಂಡು ಕೊರಗಿದ.

ನಾಲ್ಕನೆಯ ದಿನ ಹಟ ಹಿಡಿದು ಸ್ಟೇಗ್‌ಗೆ ಕರೆದೊಯ್ದ. ಸುರಂಗ ದಾಟಿದ ಮೇಲೆ, ಅವರ ಮನೆಯಿರುವ ಗುಡ್ಡದ ಬೆನ್ನಿಗಿರುವ ಹಳ್ಳಿ ಅದು. ಮೆಲಿಟ್ಟಾ ದುರ್ಬೀನನ್ನು ಸುತ್ತಲೂ ತಿರುಗಿಸಿದಳು. ಬರೀ ಹಸು, ಬರೀ ಬಂಡೆ. ಸೋತು ಕೂತು, ಚೀಸ್ ಬೆರೆಸಿದ ಕ್ನೋಪ್ಫ್ಲೆ ಎಂಬ ಹಿಟ್ಟಿನ ಪುಟ್ಟ ಕಡುಬುಗಳನ್ನು ಸೇಬಿನ ಗೊಜ್ಜಿನೊಡನೆ ಹೊಟ್ಟೆ ತುಂಬ ತಿಂದು, ಹೋಟ್ಲಿನ ಮುಂದಿನ ಬಿಸಿಲಿನ ಬೆಂಚಿನ ಮೇಲೆ ಗೊರಕೆ ಹೊಡೆಯತೊಡಗಿದಳು.

ವೆಂಡೆಲಿನ್ ಕಾಲು ಚಾಚಿದ. ಆಹಾ! ಎರಡು ನಿಮಿಷ ಸ್ವರ್ಗಸುಖ. ಮೂರನೆಯ ನಿಮಿಷಕ್ಕೆ ಧಡಕ್ಕನೆ ಎದ್ದು ಕೂತ. ಬೆಳಿಗ್ಗೆ ಒಲೆ ಆರಿಸಿದೆನೋ, ಇಲ್ಲವೋ?

ತಡೆಯಲಾಗಲಿಲ್ಲ. ಅವಳ ಮಡಿಲಿನಿಂದ ದುರ್ಬೀನನ್ನು ಮೆಲ್ಲಗೆ ಎತ್ತಿಕೊಂಡು, ಮುರುಕು ಮಂಡಿಯಲ್ಲಿ ಒಂದು ಗಂಟೆ ಏರಿ, ಗುಡ್ಡದ ನೆತ್ತಿಯಿಂದ ಆಚೆಗೆ ಇಣುಕಿದ. ಹೊಗೆಯಿಲ್ಲ, ಬೆಂಕಿಯಿಲ್ಲ, ಮೇಕೆಯೂ ಇಲ್ಲ. ಹೊಟ್ಟೆ ತಣ್ಣಗಾಗಿ ಅಲ್ಲೇ ಹುಲ್ಲಿನ ಮೇಲೆ ಉರುಳಿದ. ಎಚ್ಚರವಾದದ್ದು ಫೋನು ಕಿರುಚಿದಾಗ.

"ಎಲ್ಲಿದ್ದೀಯೋ? ನಾನು ಮನೆಗೆ ಬಂದು ಆಗ್ಲೇ ಅರ್ಧ ಗಂಟೆ ಆಯ್ತು. ಗುಡ್ಡ ಹತ್ತಿ ಮನೆ ಕಡೆ ಹೋದ್ರು ಅಂತ ಹೋಟ್ಲಿನೋಳು ಹೇಳಿದ್ಲು. ಸೌದೆಗೋಸ್ಕರ ನಡ್ಕೊಂಡು ಹೊರಟ್ಯಾ?" ಮೆಲಿಟ್ಟಾಳ ದನಿ ಗದ್ಗದವಾಯಿತು. "ನಲವತ್ತು ವರ್ಷದಲ್ಲಿ ಮೊದಲ್ನೇ ಸಲ ಕಣೋ, ಹೇಳಿಸ್ಕೊಳ್ದೆ ಕೆಲಸಕ್ಕೆ ಹೊರಟಿದ್ದು! ಬಸ್ಸಲ್ಲಿ ಎಲ್ರಿಗೂ ಹೇಳಿದೆ."

ನಿಜ ಹೇಳಲು ವೆಂಡೆಲಿನ್ ಬಾಯಿ ತೆರೆದ. ಧೈರ್ಯ ಸಾಲಲಿಲ್ಲ. "ಹ್ಞೂಂ... ಬರ್ತಾ ಇದ್ದೀನಿ."

"ನಿಧಾನವಾಗಿ ಬಾ, ಮಂಡಿ ಜೋಪಾನ. ಮಿಕ್ಕಿದ್ದಷ್ಟನ್ನೂ ನೀನೇ ಒಟ್ಬೇಕು ಅಂತ ಯಾರಿಗೂ ಮುಟ್ಟೋಕೆ ಬಿಟ್ಟಿಲ್ಲ."

ಅವನು ದುರ್ಬೀನನ್ನು ಕಣ್ಣಿಗಿಟ್ಟ. ನೆರೆಹೊರೆಯವರೆಲ್ಲ ಸೌದೆ ರಾಶಿಯ ಸುತ್ತ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು.